ಮಸುಕಾದ ಸೂಪರ್‌ನೋವಾ ಅವಶೇಷಗಳ ಫೋಟೊ ತೆಗೆಯುವುದು ಹೇಗೆ: ಗುರಿ ಆರಿಸುವುದರಿಂದ ಕೊನೆಯ ಪರೀಕ್ಷೆಯವರೆಗೆ

ಸಿಡಿದ ನಕ್ಷತ್ರವೊಂದರ ಅವಶೇಷವಾದ ಸಿಮೀಸ್ 147 ನೀಹಾರಿಕೆಯ ಕಡೆಗೆ ಕ್ಯಾಮೆರಾ ತಿರುಗಿಸಿ ಐದು ನಿಮಿಷದ ಮೊದಲ ಫ್ರೇಮ್ ತೆಗೆದವರು ಪರದೆ ನೋಡಿದ ಕೂಡಲೇ ಮಾಡುವ ಕೆಲಸ ಒಂದೇ: ಗುರಿ ತಪ್ಪಿತೇನೋ ಎಂದು ಪ್ಲೇಟ್ ಸಾಲ್ವ್ (ಚಿತ್ರದ ನಕ್ಷತ್ರಗಳನ್ನು ನಕ್ಷೆಗೆ ಹೋಲಿಸಿ ಟೆಲಿಸ್ಕೋಪ್ ಎಲ್ಲಿಗೆ ತಿರುಗಿದೆ ಎಂದು ಕಂಡುಹಿಡಿಯುವುದು) ಮತ್ತೊಮ್ಮೆ ಓಡಿಸುವುದು. ಗುರಿ ತಪ್ಪಿರುವುದಿಲ್ಲ. ನೀಹಾರಿಕೆ ಅಲ್ಲೇ ಇದೆ, ಹುಣ್ಣಿಮೆ ಚಂದ್ರನ ಆರು ಪಟ್ಟು ಅಗಲಕ್ಕೆ ಹರಡಿಕೊಂಡಿದೆ. ಆ ಒಂದು ಫ್ರೇಮಿನಲ್ಲಿ ಅದರ ಬೆಳಕಿಗಿಂತ ನಾಯ್ಸ್, ಅಂದರೆ ಚಿತ್ರದ ಅಡ್ಡಾದಿಡ್ಡಿ ಏರಿಳಿತ, ಎಷ್ಟೋ ಪಟ್ಟು ಹೆಚ್ಚಾಗಿದೆ, ಅಷ್ಟೆ.

ಏಡಿ ನೀಹಾರಿಕೆಯನ್ನೋ ಒರೈಯನ್ ನೀಹಾರಿಕೆಯನ್ನೋ ತೆಗೆದು ಅಭ್ಯಾಸವಾದವರಿಗೆ ಇಲ್ಲಿ ಲೆಕ್ಕವೇ ಬೇರೆ. ಅಲ್ಲಿ ಫ್ಲಾಟ್ (ಧೂಳಿನ ನೆರಳು, ಅಂಚಿನ ಮಬ್ಬು ತಿದ್ದಲು ಸಮನಾದ ಬೆಳಕಿಗೆ ಹಿಡಿದು ತೆಗೆಯುವ ಫ್ರೇಮ್) ಸ್ವಲ್ಪ ಸರಿಯಿಲ್ಲದಿದ್ದರೂ, ಆಕಾಶದ ಹೊಳಪು ಒಂದು ಮೂಲೆಯಲ್ಲಿ ಜಾಸ್ತಿಯಾದರೂ ಚಿತ್ರ ಉಳಿದುಕೊಳ್ಳುತ್ತದೆ. ಇಲ್ಲಿ ಆ ಸಣ್ಣ ದೋಷ ಮತ್ತು ನಮಗೆ ಬೇಕಾದ ಎಳೆ, ಎರಡೂ ಹತ್ತಿರ ಹತ್ತಿರ ಒಂದೇ ಗಾತ್ರದವು. ಹಾಗಾಗಿ ಸಲಕರಣೆಗಳ ಬಗ್ಗೆ ಬೇಕಾದಷ್ಟನ್ನೇ ಹೇಳಿ, ದೋಷಗಳ ಬಗ್ಗೆ ಜಾಸ್ತಿ ಬರೆಯುತ್ತೇನೆ.

ಆ ಬೆಳಕು ಯಾವುದು?

ನಕ್ಷತ್ರ ಸಿಡಿದು ಸಾವಿರಾರು ವರ್ಷಗಳಾದ ಮೇಲೆ ನಮಗೆ ಕಾಣುವುದು ಸಿಡಿತದ ಬೆಂಕಿಯಲ್ಲ. ಹೊರಕ್ಕೆ ಓಡುತ್ತಿರುವ ಆಘಾತ ತರಂಗ ನಕ್ಷತ್ರಗಳ ನಡುವಿನ ತೆಳು ಅನಿಲಕ್ಕೆ ಗುದ್ದಿ ಅದನ್ನು ಕಾಯಿಸುತ್ತದೆ. ಆ ಅನಿಲ ತಣಿಯುವಾಗ ಕೆಲವೇ ತರಂಗಾಂತರಗಳಲ್ಲಿ ಹೊಳೆಯುತ್ತದೆ: ಹೈಡ್ರೋಜನ್ ಆಲ್ಫಾ 656.3 ನ್ಯಾನೋಮೀಟರ್, ಆಕ್ಸಿಜನ್-3 ಮುಖ್ಯವಾಗಿ 500.7, ಸಲ್ಫರ್-2 ಜೋಡಿಯಾಗಿ 671.6 ಮತ್ತು 673.1. ತರಂಗ ಈಗಷ್ಟೇ ದಾಟಿಹೋದ ಬಿಸಿ ಜಾಗದಲ್ಲಿ ಆಕ್ಸಿಜನ್ ಹೊಳೆಯುತ್ತದೆ. ಅದರ ಹಿಂದೆ ತಣಿದ ಭಾಗದಲ್ಲಿ ಹೈಡ್ರೋಜನ್, ಸಲ್ಫರ್. ವೇಲ್ ನೀಹಾರಿಕೆಯ ಒಳ್ಳೆಯ ಚಿತ್ರವೊಂದನ್ನು ಹಿಗ್ಗಿಸಿ ನೋಡಿ. ಹಲವು ಕಡೆ ನೀಲಿ ಎಳೆ ಹೊರಗೆ, ಕೆಂಪು ಎಳೆ ಅದಕ್ಕೆ ತಾಗಿಕೊಂಡು ಒಳಗೆ ಇರುತ್ತದೆ. ಮುಂದೆ ಬಣ್ಣ ಜೋಡಿಸುವಾಗ ಈ ಎರಡು ಎಳೆ ಒಂದರ ಮೇಲೊಂದು ಕೂತು ಬೆಳ್ಳಗಾದರೆ ಸ್ಟ್ರೆಚ್, ಅಂದರೆ ಮಸುಕು ಭಾಗ ಕಾಣುವಂತೆ ಹೊಳಪು ಎತ್ತಿದ್ದು, ಹೆಚ್ಚಾಗಿದೆ ಎಂದರ್ಥ.

ಸಲ್ಫರ್‌ಗೆ ಇನ್ನೊಂದು ಉಪಯೋಗವಿದೆ. ಸಲ್ಫರ್-2 ಬೆಳಕು ಹೈಡ್ರೋಜನ್ ಆಲ್ಫಾದ 0.4 ಪಟ್ಟಿಗಿಂತ ಹೆಚ್ಚಿದ್ದರೆ ಅದು ಆಘಾತದಿಂದ ಕಾದ ಅನಿಲ ಎಂದು ಖಗೋಳಜ್ಞರು ಸಾಮಾನ್ಯವಾಗಿ ಗುರುತಿಸುತ್ತಾರೆ. ಬಿಸಿ ನಕ್ಷತ್ರಗಳ ಬೆಳಕಿಗೆ ಹೊಳೆಯುವ ಮಾಮೂಲಿ ನೀಹಾರಿಕೆಗಳಲ್ಲಿ ಈ ಪ್ರಮಾಣ ಕಡಿಮೆ. ನಿಮ್ಮ ಫ್ರೇಮಿನಲ್ಲಿ ಎರಡೂ ಬಗೆಯ ಅನಿಲ ಬೆರೆತಿದ್ದರೆ ಸಲ್ಫರ್ ಫಿಲ್ಟರ್ ಅವನ್ನು ಬೇರ್ಪಡಿಸಿ ತೋರಿಸುತ್ತದೆ.

ಗುರಿ

ನಮ್ಮ ಗೆಲಾಕ್ಸಿಯಲ್ಲಿ ಪಟ್ಟಿಯಾಗಿರುವ ಅವಶೇಷಗಳು ಸುಮಾರು 300. ಹೆಚ್ಚಿನವು ರೇಡಿಯೋ ದೂರದರ್ಶಕಕ್ಕೆ ಮಾತ್ರ ಗೋಚರ, ನಮ್ಮ ಕೈಗೆ ಸಿಗುವುದು ಕೆಲವೇ. ಅವುಗಳಲ್ಲೂ ಒಂದು ಅನುಕ್ರಮ ಇಟ್ಟುಕೊಂಡರೆ ಒಳ್ಳೆಯದು.

ರಾಜಹಂಸದ ವೇಲ್ ನೀಹಾರಿಕೆಯಿಂದ ಶುರು ಮಾಡಿ. ವಿಲಿಯಂ ಹರ್ಷೆಲ್ 1784ರಲ್ಲೇ ಕಂಡದ್ದು ಇದು. ಈ ಕುಟುಂಬದಲ್ಲಿ ಉದಾರಿ. ಪೂರ್ವದ ಎನ್‌ಜಿಸಿ 6992, ಪಶ್ಚಿಮದ ಎನ್‌ಜಿಸಿ 6960 ಎರಡೂ ಒಂದೆರಡು ರಾತ್ರಿಗೇ ಒಲಿಯುತ್ತವೆ. ಆದರೆ ಇಡೀ ಬಳೆ ಮೂರು ಡಿಗ್ರಿ ಅಗಲ, ನಡುವಿನ ಎಳೆಗಳು ಬಹಳ ಮಸುಕು. ಹೊಳೆಯುವ ಭಾಗಕ್ಕೂ ಮಸುಕು ಭಾಗಕ್ಕೂ ಇರುವ ಅಂತರ ಒಂದೇ ಚಿತ್ರದಲ್ಲಿ ಸಿಗುವುದರಿಂದ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಆಮೇಲೆ ಮಿಥುನದ ಐಸಿ 443, ಅಂದರೆ ಜೆಲ್ಲಿಫಿಶ್. ಪಕ್ಕದಲ್ಲೇ ಮಿಥುನದ ಈಟಾ ನಕ್ಷತ್ರ ಕಣ್ಣು ಕುಕ್ಕುತ್ತಿರುತ್ತದೆ. ನಿಮ್ಮ ಫಿಲ್ಟರ್ ಎಷ್ಟು ದೊಡ್ಡ ಪ್ರಭಾವಲಯ ಹುಟ್ಟಿಸುತ್ತದೆ ಎಂಬುದು ಇಲ್ಲಿ ಗೊತ್ತಾಗಿಬಿಡುತ್ತದೆ.

ಮೂರನೆಯದು ಸಿಮೀಸ್ 147, ಶಾರ್ಪ್‌ಲೆಸ್ ಪಟ್ಟಿಯಲ್ಲಿ 240. ಕ್ರೈಮಿಯಾದ ಸಿಮೀಸ್ ವೀಕ್ಷಣಾಲಯದವರು 1950ರ ದಶಕದ ಆರಂಭದಲ್ಲಿ ಗುರುತಿಸಿದ್ದು, ವೃಷಭ ಮತ್ತು ವಿಜಯಸಾರಥಿಯ ಗಡಿಯಲ್ಲಿದೆ. ನೂಲಿನ ಉಂಡೆ ಬಿಚ್ಚಿ ಎಸೆದಂತೆ ಕಾಣುತ್ತದೆ. ಹೈಡ್ರೋಜನ್ ಆಲ್ಫಾದಲ್ಲಿ ತಾಳ್ಮೆಯಿದ್ದರೆ ಬರುತ್ತದೆ, ಆಕ್ಸಿಜನ್‌ನಲ್ಲಿ ಅದರ ಎರಡು ಮೂರು ಪಟ್ಟು ತಾಳ್ಮೆ ಬೇಕು. ಸುಮಾರು ಮೂರು ಡಿಗ್ರಿ ಪಶ್ಚಿಮಕ್ಕೆ ಎಲ್‌ನಾತ್ ನಕ್ಷತ್ರವಿದೆ. ಅದನ್ನು ಫ್ರೇಮಿನ ಅಂಚಿಗೆ ಸರಿಯಾಗಿ ತಾಗಿಸಿ ಇಡಬೇಡಿ. ಪೂರ್ತಿ ಒಳಗಿರಲಿ, ಇಲ್ಲವೇ ಚೆನ್ನಾಗಿ ಹೊರಗಿರಲಿ. ಅಂಚಿನಲ್ಲಿದ್ದರೆ ಅದರ ಬೆಳಕು ಟ್ಯೂಬಿನೊಳಗೆಲ್ಲೋ ತಾಗಿ ಉದ್ದನೆಯ ಪಟ್ಟೆಯಾಗಿ ಚಿತ್ರಕ್ಕೆ ಬೀಳಬಹುದು.

ಇಷ್ಟಾದ ಮೇಲೂ ಉತ್ಸಾಹ ಉಳಿದಿದ್ದರೆ ಕುಂತಿ ನಕ್ಷತ್ರಪುಂಜದ ಸಿಟಿಬಿ 1. ಗಾತ್ರ ಚಂದ್ರನಷ್ಟೇ, ಆದರೆ ಎಷ್ಟು ತೆಳುವೆಂದರೆ ಇದನ್ನು ಒಂದು ಕಾಲಕ್ಕೆ ಗ್ರಹೀಯ ನೀಹಾರಿಕೆ ಎಂದುಕೊಂಡು ಏಬೆಲ್ 85 ಎಂದು ಪಟ್ಟಿಮಾಡಿದ್ದರು. ರಾಜಹಂಸದ ಜಿ65.3+5.7 ಇನ್ನೂ ದೊಡ್ಡದು, ಉದ್ದ ಸುಮಾರು ನಾಲ್ಕು ಡಿಗ್ರಿ, ಆಕ್ಸಿಜನ್‌ನಲ್ಲಿ ಚೆನ್ನ. ದಕ್ಷಿಣದ ಆಕಾಶ ಕಾಣುವವರಿಗೆ ವೀಲಾ ಅವಶೇಷವಿದೆ. ಸುಮಾರು ಎಂಟು ಡಿಗ್ರಿ ಹರಡಿರುವ ಅದಕ್ಕೆ ಟೆಲಿಸ್ಕೋಪ್ ಬೇಡ, 135 ಮಿಲಿಮೀಟರ್ ಕ್ಯಾಮೆರಾ ಲೆನ್ಸೇ ಸರಿ.

ಸಲಕರಣೆ, ಬೇಕಾದಷ್ಟೇ

ಮೊದಲು ಗುರಿ ಫ್ರೇಮಿನೊಳಗೆ ಕೂರುತ್ತದೆಯೇ ನೋಡಿ. ಸೆನ್ಸರ್‌ನ ಅಗಲವನ್ನು 57.3ರಿಂದ ಗುಣಿಸಿ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಡಿಗ್ರಿಯಲ್ಲಿ ಉತ್ತರ ಬರುತ್ತದೆ. ಎಪಿಎಸ್-ಸಿ ಸೆನ್ಸರ್ 23.5 × 15.7 ಮಿಲಿಮೀಟರ್ ಎಂದಿಟ್ಟುಕೊಂಡರೆ, 250 ಮಿಲಿಮೀಟರ್ ಟೆಲಿಸ್ಕೋಪಿನಲ್ಲಿ 5.4 × 3.6 ಡಿಗ್ರಿ. ಸಿಮೀಸ್ 147 ಆರಾಮವಾಗಿ ಕೂರುತ್ತದೆ, ಸುತ್ತ ಖಾಲಿ ಆಕಾಶವೂ ಸಿಗುತ್ತದೆ. 400 ಮಿಲಿಮೀಟರ್‌ನಲ್ಲಿ 3.4 × 2.2 ಮಾತ್ರ, ಅಕ್ಕಪಕ್ಕದ ಚಿತ್ರಗಳನ್ನು ಹೊಲಿದು ಮೊಸಾಯಿಕ್ ಮಾಡಬೇಕಾಗುತ್ತದೆ. ಸುತ್ತಲಿನ ಆ ಖಾಲಿ ಜಾಗವನ್ನು ಹಗುರವಾಗಿ ಕಾಣಬೇಡಿ. ಗ್ರೇಡಿಯೆಂಟ್ (ಚಿತ್ರದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಗುವ ಆಕಾಶದ ಹೊಳಪು) ತೆಗೆಯುವಾಗ ಅದೇ ಆಧಾರ.

ಹರಡಿಕೊಂಡ ಗುರಿಗೆ ಟೆಲಿಸ್ಕೋಪಿನ ವ್ಯಾಸಕ್ಕಿಂತ ಎಫ್ ಸಂಖ್ಯೆ (ಫೋಕಲ್ ಲೆಂಗ್ತನ್ನು ವ್ಯಾಸದಿಂದ ಭಾಗಿಸಿದ್ದು) ಮುಖ್ಯ. ಅದೇ ಕ್ಯಾಮೆರಾ ಇಟ್ಟುಕೊಂಡು ಎಫ್/5ರಿಂದ ಎಫ್/2.8ಕ್ಕೆ ಬಂದರೆ ಪ್ರತಿ ಪಿಕ್ಸೆಲ್‌ಗೆ ಬೀಳುವ ಬೆಳಕು ಮೂರು ಪಟ್ಟಿಗಿಂತ ಹೆಚ್ಚು. ಆದರೆ ವೇಗದ ಲೆನ್ಸಿನಲ್ಲಿ ಬೆಳಕು ಫಿಲ್ಟರಿಗೆ ಓರೆಯಾಗಿ ಬೀಳುವುದರಿಂದ ಫಿಲ್ಟರ್ ಬಿಟ್ಟುಕೊಡುವ ಪಟ್ಟಿ ನೀಲಿಯತ್ತ ಜರುಗುತ್ತದೆ. 3 ನ್ಯಾನೋಮೀಟರ್‌ನ ಕಿರಿದಾದ ಫಿಲ್ಟರನ್ನು ಎಫ್/2 ಟ್ಯೂಬಿಗೆ ಹಾಕುವವರು ಆ ವೇಗಕ್ಕೆಂದೇ ಮಾಡಿದ ಫಿಲ್ಟರ್ ಕೊಳ್ಳಬೇಕು. ಇಲ್ಲದಿದ್ದರೆ ಯಾವ ಬೆಳಕಿಗಾಗಿ ಹಣ ಸುರಿದಿರೋ ಅದನ್ನೇ ಫಿಲ್ಟರ್ ತಡೆದು ನಿಲ್ಲಿಸುತ್ತದೆ.

ಮೊನೊ, ಅಂದರೆ ಕಪ್ಪು-ಬಿಳುಪು ಕ್ಯಾಮೆರಾವೇ ಉತ್ತಮ, ಅದರಲ್ಲಿ ಸಂಶಯವಿಲ್ಲ. ಬಣ್ಣದ ಕ್ಯಾಮೆರಾದಲ್ಲಿ ಹೈಡ್ರೋಜನ್ ಆಲ್ಫಾ ಕಾಣುವುದು ನಾಲ್ಕರಲ್ಲಿ ಒಂದು ಪಿಕ್ಸೆಲ್‌ಗೆ. ಆದರೂ ಹೈಡ್ರೋಜನ್ ಮತ್ತು ಆಕ್ಸಿಜನ್ ಎರಡನ್ನೂ ಒಟ್ಟಿಗೆ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಹಾಕಿದರೆ ಬಣ್ಣದ ಕ್ಯಾಮೆರಾದಲ್ಲೂ ವೇಲ್, ಜೆಲ್ಲಿಫಿಶ್ ಚೆನ್ನಾಗಿಯೇ ಬರುತ್ತವೆ. ಮಾರ್ಪಡಿಸದ ಡಿಎಸ್‌ಎಲ್‌ಆರ್ ಮಾತ್ರ ಬೇಡ. ಅದರ ಸೆನ್ಸರ್ ಮುಂದಿನ ಗಾಜು ಹೈಡ್ರೋಜನ್ ಆಲ್ಫಾದ ಬಹುಪಾಲನ್ನು ನುಂಗಿಬಿಡುತ್ತದೆ. ಟೆಲಿಸ್ಕೋಪ್ ಹೊತ್ತು ಆಕಾಶದ ಜೊತೆ ತಿರುಗುವ ಮೌಂಟ್ ಬಗ್ಗೆ ಹೇಳುವುದು ಕಡಿಮೆ: ಗೈಡಿಂಗ್ (ಇನ್ನೊಂದು ಕ್ಯಾಮೆರಾ ನಕ್ಷತ್ರವೊಂದನ್ನು ನೋಡುತ್ತಾ ಮೌಂಟನ್ನು ತಿದ್ದುವುದು) ಇಟ್ಟು ಐದು ನಿಮಿಷ ನಕ್ಷತ್ರ ದುಂಡಗಿದ್ದರೆ ಸಾಕು.

ಎಷ್ಟು ಗಂಟೆ ಬೇಕು?

ಊಹೆಗಿಂತ ಲೆಕ್ಕ ಒಳ್ಳೆಯದು. ಕಿರಿದಾದ ಫಿಲ್ಟರಿನ ಮೂಲಕ ಆಕಾಶದ ಹಿನ್ನೆಲೆ ಪ್ರತಿ ಪಿಕ್ಸೆಲ್‌ಗೆ ಸೆಕೆಂಡಿಗೆ 0.1 ಎಲೆಕ್ಟ್ರಾನ್ ಕೊಡುತ್ತಿದೆ ಎಂದುಕೊಳ್ಳಿ. 300 ಸೆಕೆಂಡಿಗೆ 30 ಎಲೆಕ್ಟ್ರಾನ್. ನಮ್ಮ ಎಳೆ ಹಿನ್ನೆಲೆಯ ಶೇ 5ರಷ್ಟು, ಅಂದರೆ 1.5 ಎಲೆಕ್ಟ್ರಾನ್. ಫ್ರೇಮ್ ಓದುವಾಗ ಕ್ಯಾಮೆರಾವೇ ಸೇರಿಸುವ ರೀಡ್ ನಾಯ್ಸ್ 1.5 ಎಂದರೆ ಅದರ ವರ್ಗ 2.25. ಎಲ್ಲ ಕೂಡಿಸಿ ವರ್ಗಮೂಲ ತೆಗೆದರೆ ನಾಯ್ಸ್ 5.8. ಒಂದು ಫ್ರೇಮಿನಲ್ಲಿ ಸಿಗ್ನಲ್ 1.5, ನಾಯ್ಸ್ 5.8. ಮೊದಲ ಫ್ರೇಮಿನಲ್ಲಿ ಏನೂ ಕಾಣದ್ದಕ್ಕೆ ಕಾರಣ ಇದೇ.

ಫ್ರೇಮುಗಳನ್ನು ಪೇರಿಸಿದಂತೆ ಈ ಅನುಪಾತ ಫ್ರೇಮ್ ಸಂಖ್ಯೆಯ ವರ್ಗಮೂಲದಷ್ಟು ಏರುತ್ತದೆ. ಸಿಗ್ನಲ್ ನಾಯ್ಸ್‌ನ ಐದು ಪಟ್ಟಾಗಲು ಸುಮಾರು 374 ಫ್ರೇಮ್, ಅಂದರೆ 31 ಗಂಟೆ, ಅದೂ ಒಂದೇ ಫಿಲ್ಟರಿಗೆ. ಓದಿ ಗಾಬರಿಯಾಗಬೇಡಿ. ಚಿತ್ರವನ್ನು ಸಾಫ್ಟ್‌ವೇರಿನಲ್ಲಿ 2×2 ಬಿನ್ ಮಾಡಿದರೆ, ಅಂದರೆ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿದರೆ, ಅನುಪಾತ ಇಮ್ಮಡಿಯಾಗುತ್ತದೆ, ಬೇಕಾದ ಸಮಯ ನಾಲ್ಕನೇ ಒಂದು ಭಾಗಕ್ಕೆ, ಎಂಟು ಗಂಟೆಯೊಳಕ್ಕೆ ಇಳಿಯುತ್ತದೆ. ಇಂಥ ಗುರಿಗೆ ದೊಡ್ಡ ರೆಸಲ್ಯೂಷನ್ ಇಟ್ಟುಕೊಂಡು ಕೂರುವುದು ನನ್ನ ಮಟ್ಟಿಗೆ ಬರೀ ಹಟ. ಅರ್ಧ ಅಳತೆಯ ಶುದ್ಧ ಚಿತ್ರ ಪೂರ್ತಿ ಅಳತೆಯ ಮರಳುಮರಳಾದ ಚಿತ್ರಕ್ಕಿಂತ ಸಾವಿರ ಪಾಲು ಮೇಲು.

ಒಂದು ಫ್ರೇಮ್ ಎಷ್ಟು ಹೊತ್ತು? ಆಕಾಶದ ಎಲೆಕ್ಟ್ರಾನ್‌ಗಳು ರೀಡ್ ನಾಯ್ಸ್ ವರ್ಗದ ಹತ್ತು ಪಟ್ಟಾಗುವಷ್ಟು. ಮೇಲಿನ ಲೆಕ್ಕದಲ್ಲಿ 22.5 ಎಲೆಕ್ಟ್ರಾನ್, ಅಂದರೆ 225 ಸೆಕೆಂಡ್. 300 ಇಟ್ಟರೆ ನಿಶ್ಚಿಂತೆ. ಕತ್ತಲು ಜಾಗದಲ್ಲಿ, ನಿಧಾನದ ಟೆಲಿಸ್ಕೋಪಿನಲ್ಲಿ 600 ಬೇಕಾಗಬಹುದು. ಅದಕ್ಕಿಂತ ಹೆಚ್ಚಿಸಿ ಲಾಭವಿಲ್ಲ. ಒಂದು ಗಾಳಿ ಬೀಸಿದರೆ ಅಷ್ಟೂ ಹೊತ್ತು ದಂಡ.

ರಾತ್ರಿಯ ಕೆಲಸ

ಆಕ್ಸಿಜನ್‌ಗೆ ಚಂದ್ರನಿಲ್ಲದ ರಾತ್ರಿಗಳನ್ನು ಮೀಸಲಿಡಿ, ಅದರಲ್ಲೂ ಗುರಿ ನೆತ್ತಿಯ ಹತ್ತಿರವಿರುವ ಗಂಟೆಗಳನ್ನು. ಬೆಳದಿಂಗಳಿಗೆ ಮೊದಲು ಪೆಟ್ಟು ತಿನ್ನುವುದು ಅದೇ. ಅರ್ಧಚಂದ್ರ ದೂರದಲ್ಲಿದ್ದರೆ ಹೈಡ್ರೋಜನ್ ಆಲ್ಫಾ, ಸಲ್ಫರ್ ನಡೆಯುತ್ತವೆ. ಈ ಒಂದು ಶಿಸ್ತು ಇಟ್ಟುಕೊಂಡರೆ ತಿಂಗಳಲ್ಲಿ ಕೆಲಸಕ್ಕೆ ಬರುವ ರಾತ್ರಿಗಳು ಹೆಚ್ಚುತ್ತವೆ.

ಫಿಲ್ಟರ್ ಬದಲಿಸಿದಾಗಲೆಲ್ಲ ಫೋಕಸ್ ಮತ್ತೆ ನೋಡಿ, ತಾಪಮಾನ ಇಳಿದಾಗಲೂ ನೋಡಿ. ಪ್ರತಿ ರಾತ್ರಿ ಪ್ಲೇಟ್ ಸಾಲ್ವ್ ಮಾಡಿ ಹಿಂದಿನ ರಾತ್ರಿಯ ಫ್ರೇಮಿಂಗ್‌ಗೇ ಬನ್ನಿ. ಎನ್‌ಐಎನ್‌ಎ ತಂತ್ರಾಂಶ ಇದನ್ನು ತಾನೇ ಮಾಡುತ್ತದೆ.

ಡಿದರಿಂಗ್ ಬಿಡಲೇಬೇಡಿ. ಎರಡು ಮೂರು ಫ್ರೇಮಿಗೊಮ್ಮೆ ಟೆಲಿಸ್ಕೋಪನ್ನು ಮುಖ್ಯ ಕ್ಯಾಮೆರಾದ ಹತ್ತು ಪಿಕ್ಸೆಲ್‌ನಷ್ಟು ಅತ್ತಿತ್ತ ಸರಿಸಬೇಕು. ಇಲ್ಲದಿದ್ದರೆ ಸೆನ್ಸರಿನ ಸ್ಥಿರ ದೋಷಗಳು ಮೆಲ್ಲಗೆ ಜಾರುತ್ತಾ ಓರೆ ಗೀರುಗಳಾಗಿ ಪೇರಿಕೊಳ್ಳುತ್ತವೆ. ಮಾಮೂಲಿ ಚಿತ್ರದಲ್ಲಿ ಅವು ಬರೀ ಕೊಳಕು. ಇಲ್ಲಿ ಅವು ನೀಹಾರಿಕೆಯ ಎಳೆಗಳಂತೆಯೇ ಕಾಣುತ್ತವೆ, ಅದೇ ಅಪಾಯ. ಡಿದರ್ ಪ್ರಮಾಣವನ್ನು ಗೈಡ್ ಕ್ಯಾಮೆರಾದ ಪಿಕ್ಸೆಲ್‌ನಲ್ಲಿ ಕೇಳುವ ತಂತ್ರಾಂಶವಾದರೆ ಒಂದು ಭಾಗಾಕಾರ ಮಾಡಿಕೊಳ್ಳಿ: ಗೈಡ್ ಕ್ಯಾಮೆರಾದ ಪಿಕ್ಸೆಲ್ 6 ಆರ್ಕ್‌ಸೆಕೆಂಡ್, ಮುಖ್ಯ ಕ್ಯಾಮೆರಾದ್ದು 2 ಆದರೆ, ಅಲ್ಲಿನ ಒಂದು ಇಲ್ಲಿನ ಮೂರು.

ಫ್ಲಾಟ್

ಮೇಲಿನ ಲೆಕ್ಕಕ್ಕೆ ಮರಳಿ ಬನ್ನಿ. ಎಳೆ ಹಿನ್ನೆಲೆಯ ಶೇ 5. ಫ್ಲಾಟ್ ಶೇ 1ರಷ್ಟು ತಪ್ಪಿದರೂ ಎಳೆಯ ಐದನೇ ಒಂದು ಭಾಗದಷ್ಟು ಸುಳ್ಳು ಬೆಳಕು ಚಿತ್ರದಲ್ಲಿ ಸೇರಿಕೊಂಡಿತು. ಎಳೆ ಇನ್ನೂ ಮಸುಕಾಗಿ ಶೇ 1ಕ್ಕಿಳಿದರೆ ನಿಜ ಸುಳ್ಳು ಎರಡೂ ಸಮಸಮ.

ನನ್ನ ಮೊದಲ ಸಿಟಿಬಿ 1 ಪ್ರಯತ್ನದಲ್ಲಿ ಮೂರನೇ ರಾತ್ರಿ ಫ್ರೇಮಿಂಗ್ ಸರಿಮಾಡಲು ಕ್ಯಾಮೆರಾವನ್ನು ತುಸು ತಿರುಗಿಸಿದ್ದೆ. ಫ್ಲಾಟ್ ಹಳೆಯದೇ ಇರಲಿ ಎಂದು ಸೋಮಾರಿತನ ಮಾಡಿದೆ. ಪೇರಿಸಿ ಸ್ಟ್ರೆಚ್ ಮಾಡಿದಾಗ ಸಿಟಿಬಿ 1ರ ಪಕ್ಕದಲ್ಲಿ ಇನ್ನೊಂದು ಅಚ್ಚುಕಟ್ಟಾದ ಚಿಪ್ಪು! ದುಂಡಗೆ, ತೆಳ್ಳಗೆ, ಅಂಚು ಸ್ವಲ್ಪ ಹೊಳಪು, ಅವಶೇಷ ಹೇಗಿರಬೇಕೋ ಹಾಗೆ. ಅರ್ಧ ದಿನ ಪಟ್ಟಿಗಳನ್ನೆಲ್ಲ ಜಾಲಾಡಿದೆ. ಕೊನೆಗೆ ತಿಳಿದದ್ದು, ಅದು ಫಿಲ್ಟರ್ ಮೇಲೆ ಕೂತಿದ್ದ ಧೂಳಿನ ಕಣದ ನೆರಳು. ಹಳೆಯ ಫ್ಲಾಟ್ ಅದನ್ನು ತಪ್ಪಾದ ಜಾಗದಲ್ಲಿ ತಿದ್ದಿ ಹೊಳೆಯುವ ಉಂಗುರ ಮಾಡಿಟ್ಟಿತ್ತು. ಈಗ ಕ್ಯಾಮೆರಾ ಕದಲಿದರೆ ಸಾಕು, ಹೊಸ ಫ್ಲಾಟ್.

ಪ್ರತಿ ಫಿಲ್ಟರಿಗೂ ಬೇರೆ ಫ್ಲಾಟ್ ಬೇಕು, ಒಂದೊಂದಕ್ಕೆ 30 ಫ್ರೇಮಾದರೂ ಇರಲಿ. ಹಿಸ್ಟೋಗ್ರಾಂ ಅರ್ಧಕ್ಕಿಂತ ತುಸು ಕೆಳಗೆ ನಿಲ್ಲಲಿ. ಬೆಳಕಿನ ಪ್ಯಾನೆಲ್ ಬಳಸುವವರು ಎಕ್ಸ್‌ಪೋಷರನ್ನು ಒಂದೆರಡು ಸೆಕೆಂಡಿಗಿಂತ ಕಡಿಮೆ ಇಡಬೇಡಿ, ಪ್ಯಾನೆಲಿನ ಮಿನುಗು ಪಟ್ಟೆಗಳಾಗಿ ಬರುತ್ತದೆ. ಮುಚ್ಚಳ ಹಾಕಿ ತೆಗೆದ, ಅದೇ ಅವಧಿಯ ಡಾರ್ಕ್ ಫ್ಲಾಟ್‌ಗಳೂ ಬೇಕು. ಮುಖ್ಯ ಡಾರ್ಕ್‌ಗಳು ಗುರಿಯನ್ನು ತೆಗೆದ ಲೈಟ್ ಫ್ರೇಮಿನದ್ದೇ ತಾಪಮಾನ, ಗೇನ್, ಅವಧಿಯಲ್ಲಿರಲಿ.

ಕಂಪ್ಯೂಟರ್ ಮುಂದೆ

ಚಿತ್ರ ಪೇರಿಸುವ ತಂತ್ರಾಂಶಗಳಲ್ಲಿ ಸಿರಿಲ್ ಉಚಿತ, ಪಿಕ್ಸ್‌ಇನ್‌ಸೈಟ್ ದುಬಾರಿ, ಎರಡರಲ್ಲೂ ಕೆಲಸದ ಕ್ರಮ ಒಂದೇ. ಮೋಡ ಹಾದುಹೋದ ಫ್ರೇಮುಗಳನ್ನು ಮೊದಲೇ ಕಿತ್ತುಹಾಕಿ. ಡಾರ್ಕ್, ಫ್ಲಾಟ್ ಬಳಸಿ ಕ್ಯಾಲಿಬ್ರೇಟ್ ಮಾಡಿ, ಜೋಡಿಸಿ, ಉಪಗ್ರಹದ ಗೆರೆಗಳು ಅಳಿಯುವಂತೆ ರಿಜೆಕ್ಷನ್ ಇಟ್ಟು ಪೇರಿಸಿ. ಪ್ರತಿ ಫಿಲ್ಟರಿಗೆ ಒಂದು ಮಾಸ್ಟರ್ ಸಿಗುತ್ತದೆ. ಅಂಚು ಕತ್ತರಿಸಿ, 2×2 ಬಿನ್ ಮಾಡಿ.

ಮುಂದಿನದು ಗ್ರೇಡಿಯೆಂಟ್ ತೆಗೆಯುವುದು. ಈ ಹಂತದಲ್ಲೇ ಹೆಚ್ಚಿನ ನೀಹಾರಿಕೆಗಳು ಕಳೆದುಹೋಗುವುದು. ಜೊಳ್ಳು ತೂರುವಾಗ ಕಾಳೂ ಹಾರಿಹೋದ ಹಾಗೆ, ಸ್ವಯಂಚಾಲಿತ ಉಪಕರಣ ಚಿತ್ರದ ತುಂಬ ಹರಡಿದ ಮಸುಕು ಬೆಳಕನ್ನು ಆಕಾಶದ ಕೊಳೆಯೆಂದು ತಿಳಿದು ಗುಡಿಸಿಬಿಡುತ್ತದೆ. ಹಾಗಾಗಿ ಮೊದಲು ಅಲಾಡಿನ್ ಎಂಬ ಆಕಾಶ ನಕ್ಷೆಯ ತಂತ್ರಾಂಶ ತೆರೆದು ಅದೇ ಜಾಗದ ಹೈಡ್ರೋಜನ್ ಆಲ್ಫಾ ಸಮೀಕ್ಷೆಯ ಚಿತ್ರ ನೋಡಿ. ಎಲ್ಲಿ ನಿಜವಾಗಿ ಖಾಲಿ ಇದೆಯೋ ಅಲ್ಲಿ ಮಾತ್ರ, ಕೈಯಾರೆ, ಹತ್ತು ಹದಿನೈದು ಮಾದರಿ ಬಿಂದು ಇಡಿ. ಮೊದಲ ಅಥವಾ ಎರಡನೇ ಡಿಗ್ರಿಯ ಸರಳ ಮೇಲ್ಮೈಯೇ ಸಾಕು. ಆಮೇಲೆ ಒಂದು ಕೆಲಸ ತಪ್ಪದೆ ಮಾಡಿ: ಉಪಕರಣ ತೆಗೆದುಹಾಕಿದ ಹಿನ್ನೆಲೆಯನ್ನೇ ಬೇರೆ ಚಿತ್ರವಾಗಿ ಉಳಿಸಿ, ಜೋರಾಗಿ ಸ್ಟ್ರೆಚ್ ಮಾಡಿ ನೋಡಿ. ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುಮ್ಮನೆ ಇಳಿಜಾರಾಗಿದ್ದರೆ ಸರಿ. ಅದರಲ್ಲಿ ನಿಮ್ಮ ಅವಶೇಷದ ಆಕಾರ ಕಂಡರೆ, ಮತ್ತೆ ಮೊದಲಿನಿಂದ.

ನಕ್ಷತ್ರಗಳನ್ನು ಸ್ಟಾರ್‌ನೆಟ್ ಎಂಬ ತಂತ್ರಾಂಶದಿಂದ ಬೇರ್ಪಡಿಸಿ. ಈಗ ಎಳೆಗಳು ಮಾತ್ರ ಉಳಿದವು, ಧೈರ್ಯವಾಗಿ ಸ್ಟ್ರೆಚ್ ಮಾಡಬಹುದು. ಒಂದೇ ಏಟಿಗೆ ಎಳೆಯದೆ ನಾಲ್ಕಾರು ಸಣ್ಣ ಹೆಜ್ಜೆಗಳಲ್ಲಿ ಮಾಡಿ. ಹಿನ್ನೆಲೆಯನ್ನು ಕಪ್ಪಗೆ ಕತ್ತರಿಸುವ ಚಪಲ ಬರುತ್ತದೆ, ತಡೆದುಕೊಳ್ಳಿ. ಬೂದು ಹಿನ್ನೆಲೆಯಲ್ಲೇ ಕೊನೆಯ ಎಳೆಗಳಿರುವುದು. ಬಣ್ಣಕ್ಕೆ ಕೆಂಪಿನಲ್ಲಿ ಹೈಡ್ರೋಜನ್, ನೀಲಿಯಲ್ಲಿ ಆಕ್ಸಿಜನ್, ಹಸಿರಿನಲ್ಲಿ ಆಕ್ಸಿಜನ್‌ನ 0.8 ಮತ್ತು ಹೈಡ್ರೋಜನ್‌ನ 0.2 ಕೂಡಿಸಿದರೆ ಕಣ್ಣಿಗೆ ಹಿತವಾಗಿರುತ್ತದೆ. ಆಕ್ಸಿಜನ್ ಮಸುಕೆಂದು ಅದನ್ನು ಹೈಡ್ರೋಜನ್‌ನ ಮಟ್ಟಕ್ಕೇ ಎತ್ತಿದರೆ ನಾಯ್ಸ್ ನೀಲಿ ಮಂಜಾಗಿ ಮೇಲೇಳುತ್ತದೆ. ನಕ್ಷತ್ರಗಳಿಗೆ ಮಾಮೂಲಿ ಕೆಂಪು, ಹಸಿರು, ನೀಲಿ ಫಿಲ್ಟರುಗಳಲ್ಲಿ ಅರ್ಧರ್ಧ ಗಂಟೆ ಚಿಕ್ಕ ಎಕ್ಸ್‌ಪೋಷರ್ ತೆಗೆದು, ಕೊನೆಯಲ್ಲಿ ಮೇಲೆ ಕೂರಿಸಿ.

ಕಂಡದ್ದು ನಿಜವೇ?

ಕೃತಕ ಬುದ್ಧಿಮತ್ತೆಯ ನಾಯ್ಸ್ ರಿಡಕ್ಷನ್ ಉಪಕರಣಗಳು ಈಗ ಎಲ್ಲರ ಕೈಯಲ್ಲಿವೆ. ಅವನ್ನು ಜೋರಾಗಿ ಓಡಿಸಿದರೆ ನಾಯ್ಸ್ ಕಣಗಳನ್ನು ಒಂದಕ್ಕೊಂದು ಹೆಣೆದು, ಇಲ್ಲದ ಎಳೆಗಳನ್ನು ಸೊಗಸಾಗಿ ನೇಯ್ದು ಕೊಡುತ್ತವೆ. ಅದಕ್ಕೇ ಅವನ್ನು ಬಳಸುವ ಮೊದಲು ಒಂದು ಪರೀಕ್ಷೆ.

ಫ್ರೇಮುಗಳನ್ನು ಬೆಸ ಸಂಖ್ಯೆಯವು, ಸಮ ಸಂಖ್ಯೆಯವು ಎಂದು ಎರಡು ಪಾಲು ಮಾಡಿ ಬೇರೆ ಬೇರೆ ಪೇರಿಸಿ. ಪ್ರತಿ ಪಾಲಿನಲ್ಲಿ ಅರ್ಧ ಸಮಯವಷ್ಟೇ ಇರುವುದರಿಂದ ನಾಯ್ಸ್ ಜಾಸ್ತಿ ಕಾಣುತ್ತದೆ, ಎರಡನ್ನೂ 4×4 ಬಿನ್ ಮಾಡಿ. ಒಂದೇ ರೀತಿ ಸ್ಟ್ರೆಚ್ ಮಾಡಿ, ಒಂದರ ನಂತರ ಒಂದನ್ನು ಮಿಟುಕಿಸಿ ನೋಡಿ. ಎರಡರಲ್ಲೂ ಅದೇ ಜಾಗದಲ್ಲಿ ನಿಂತ ಎಳೆ ನಾಯ್ಸ್ ಅಲ್ಲ. ಆದರೆ ಟೆಲಿಸ್ಕೋಪಿನೊಳಗಿನ ಪ್ರತಿಫಲನ, ಫ್ಲಾಟ್ ದೋಷ ಎರಡರಲ್ಲೂ ಇರಬಹುದಲ್ಲ? ಅದಕ್ಕೆ ಇನ್ನೊಂದು ಪಾಲು: ಗುರಿ ನೆತ್ತಿಯ ಗೆರೆ ದಾಟಿದಾಗ ಮೌಂಟ್ ಟೆಲಿಸ್ಕೋಪನ್ನು ಇನ್ನೊಂದು ಬದಿಗೆ ತಿರುಗಿಸುವ ಮೆರಿಡಿಯನ್ ಫ್ಲಿಪ್‌ಗೆ ಮೊದಲಿನವು, ನಂತರದವು. ಫ್ಲಿಪ್ ಆದಾಗ ಕ್ಯಾಮೆರಾ ಆಕಾಶಕ್ಕೆ ಹೋಲಿಸಿದರೆ 180 ಡಿಗ್ರಿ ತಿರುಗುತ್ತದೆ; ಧೂಳಿನ ಉಂಗುರ, ಪ್ರತಿಫಲನಗಳು ಜಾಗ ಬದಲಿಸುತ್ತವೆ, ಆಕಾಶದಲ್ಲಿರುವುದು ಕದಲುವುದಿಲ್ಲ. ನನ್ನ ಆ ‘ಹೊಸ ಚಿಪ್ಪು’ ಈ ಪರೀಕ್ಷೆಗೆ ಎರಡು ನಿಮಿಷವೂ ನಿಲ್ಲುತ್ತಿರಲಿಲ್ಲ.

ಇದು ಅತಿಯಾಯಿತು ಎನಿಸಿದರೆ ದೇವಯಾನಿ ಗೆಲಾಕ್ಸಿಯ ಪಕ್ಕದ ಆಕ್ಸಿಜನ್ ಕಮಾನನ್ನು ನೆನಪಿಸಿಕೊಳ್ಳಿ. ಲೆಕ್ಕವಿಲ್ಲದಷ್ಟು ಜನ ಫೋಟೊ ತೆಗೆದ ಜಾಗ ಅದು. 2023ರ ಜನವರಿಯಲ್ಲಿ ಮಾರ್ಸೆಲ್ ಡ್ರೆಕ್ಸ್‌ಲರ್, ಕ್ಸೇವಿಯರ್ ಸ್ಟ್ರಾಟ್ನರ್, ಯಾನ್ ಸೇಂಟಿ ಎಂಬ ಹವ್ಯಾಸಿಗಳು ಅಲ್ಲಿ ಒಂದೂವರೆ ಡಿಗ್ರಿ ಉದ್ದದ ಹೊಸ ಕಮಾನನ್ನು ಪ್ರಕಟಿಸಿದಾಗ, ಅದು ಪ್ರತಿಫಲನವಲ್ಲ ಎಂದು ಬೇರೆ ಟೆಲಿಸ್ಕೋಪುಗಳಿಂದಲೂ ಖಚಿತಪಡಿಸಿಕೊಂಡಿದ್ದರು.

ಎಳೆ ಒಂದು ಪಾಲಿನಲ್ಲಿ ಮಾತ್ರ ಕಂಡರೆ ಸ್ಟ್ರೆಚ್ ಹಿಂದಕ್ಕೆ ತನ್ನಿ, ಅಥವಾ ಇನ್ನಷ್ಟು ಗಂಟೆ ಸೇರಿಸಿ. ಕ್ಯಾಲಿಬ್ರೇಟ್ ಆದ ಫ್ರೇಮುಗಳನ್ನೂ ಸ್ಟ್ರೆಚ್ ಮಾಡದ ಮಾಸ್ಟರುಗಳನ್ನೂ ಅಳಿಸಬೇಡಿ, ಕ್ಯಾಮೆರಾದ ಕೋನವನ್ನು ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಅದೇ ಗುರಿ ಮೇಲೇರಿದಾಗ ಅದೇ ಫ್ರೇಮಿಂಗಿನಲ್ಲಿ ಹದಿನೈದು ಗಂಟೆ ಕೂಡಿಸಿ, ಮತ್ತೆ ಬೆಸ ಸಮ ಮಾಡಿ ಮಿಟುಕಿಸಿ ನೋಡಬಹುದು.